ಹೊಳೆಗೆ ಹಾಕುವ ಚಿನ್ನ

ಏಳು ಗಂಟೆಗೆ ಎಡ್ನಾ ಟ್ರೆಗಿಯರ್ ಬರುತ್ತಾಳೆ,
ರಬ್ಬರ್ ಬೂಟು, ಉಣ್ಣೆ ಟೋಪಿ,
ಕೋಟಿನ ಜೇಬಲ್ಲಿ ಮೆಣಸಿನ ಪುಡಿಯ ಹಳೇ ಡಬ್ಬಿ.
ತೊರೆಯಂಚಿಗೆ ಕೂತು, ಮಂಡಿ ಲಟಕ್ಕೆಂದರೆ
ಮಂಡಿಯನ್ನೇ ಬೈದು,
ಸಾರಿಗೆ ಉಪ್ಪು ಉದುರಿಸಿದ ಹಾಗೆ
ಚಿನ್ನ ಉದುರಿಸುತ್ತಾಳೆ ನೀರಿಗೆ.

ದಿನಕ್ಕೆ ಇಷ್ಟೇ ಎಂದು ಲೆಕ್ಕ ಉಂಟು:
ಆರು ಗುಲಗಂಜಿ ತೂಕ. ರಜೆಯ ದಿನ ಎಂಟು.
ಪುಸ್ತಕದಲ್ಲಿ ಸಹಿ ಹಾಕಬೇಕು.

ನಾನು ಗುರುವಾರದ ಬಸ್ಸಿನವನು.
ನಲವತ್ತೆರಡು ಮಕ್ಕಳು, ಇಬ್ಬರು ಟೀಚರು,
ವಾಂತಿಗೆಂದು ಒಂದು ಪ್ಲಾಸ್ಟಿಕ್ ಬಕೀಟು.
ಎಲ್ಲರನ್ನಿಳಿಸಿ, ನೀಲಗಿರಿ ಮರದ ಹರಕು ನೆರಳಿಗೆ ಬಸ್ಸು ಬಿಟ್ಟು
ಥರ್ಮಾಸಿನ ಚಹಾ ಬಗ್ಗಿಸಿಕೊಂಡು ನೋಡುತ್ತೇನೆ
ನೂರೆಪ್ಪತ್ತು ವರ್ಷ ಹಿಂದಿನ ಬೀದಿಯನ್ನು.

ಇಲ್ಲಿ ಎಲ್ಲ ಇದೆ. ಕಮ್ಮಾರ ಇದ್ದಾನೆ,
ಹತ್ತೂವರೆಗೊಮ್ಮೆ ಎರಡಕ್ಕೊಮ್ಮೆ ಲಾಳ ಬಡಿಯುತ್ತಾನೆ.
ಪರವಾನಗಿ ಎಲ್ಲಿ ಎಂದು ಗದರುವ ಸಿಪಾಯಿ ಇದ್ದಾನೆ,
ಊಟದ ಹೊತ್ತಿಗೆ ಮೀಸೆ ಕಿತ್ತು ಜೇಬಿಗಿಡುತ್ತಾನೆ.
ಬೇಕರಿಯ ರೊಟ್ಟಿ ಮಾತ್ರ ನಿಜದ್ದು.
ಬೆಲೆಯೂ ನಿಜದ್ದೇ.

ಇಲ್ಲದ್ದು ಏನು ಅಂದರೆ
ಕೆಸರಿಲ್ಲ, ಭೇದಿಯಿಲ್ಲ, ನೊಣವೂ ಕಡಿಮೆ.
ಗುಂಡಿ ಕುಸಿದಾಗಿನ ಕೂಗು ಇಲ್ಲ.
ತೊರೆಗೆ ಮುಂಚೆ ಬೇರೆ ಹೆಸರಿತ್ತಂತೆ,
ಈ ನೆಲದವರ ಬಾಯಲ್ಲಿ. ಅದೇನೆಂದು
ಫಲಕ ಹೇಳುವುದಿಲ್ಲ.
ಇತ್ತು ಎಂದಷ್ಟೇ ಹೇಳುತ್ತದೆ.

ಕೊನೆಯ ಡೇರೆಯ ಮುಂದೆ ರಾಡ್ನಿ ಲೀ ಗೌ
ತನ್ನ ಮುತ್ತಜ್ಜನ ಅಪ್ಪನ ಪಾತ್ರ ಮಾಡುತ್ತಾನೆ, ಗಂಟೆಯ ಕೂಲಿಗೆ.
ಈ ಸೀಮೆಯ ಬಂದರಲ್ಲಿ ಚೀನಾದವರ ತಲೆಗೆ ಹತ್ತು ಪೌಂಡು ತೆರಿಗೆ;
ಪಕ್ಕದ ಸೀಮೆಯಲ್ಲಿಳಿದು ನಡೆದೇ ಬಂದರು, ವಾರಗಟ್ಟಲೆ,
ಹೆಗಲ ಮೇಲೆ ಅಡ್ಡೆ, ಅಡ್ಡೆಗೆ ಎರಡು ಬುಟ್ಟಿ.
ಬುಟ್ಟಿಯಲ್ಲಿ ಏನಿತ್ತು?
ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ.
ಅಕ್ಕಿ, ಎನ್ನುತ್ತಾನೆ ರಾಡ್ನಿ. ಒಂದೊಂದು ಸಲ, ಚಪ್ಪಲಿ.
ಅವನಿಗೂ ಗೊತ್ತಿಲ್ಲ.

ನನಗೆ ಗೊತ್ತಿರುವುದು ಗುಡ್ಡದ ಆಚೆಯದು.
ಈಗ ಬೇಲಿ ಬಿಗಿದು ನೀರು ತುಂಬಿದೆಯಲ್ಲ,
ಅದರೊಳಗೆ ಹತ್ತೊಂಬತ್ತು ವರ್ಷ ಇಳಿದಿದ್ದೇನೆ,
ಎಂಟುನೂರು ಮೀಟರು, ಲಾರಿ ಓಡಿಸಲು.
ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ನಗಾಡುತ್ತಾರೆ;
ನಮಗೆ ಇಲಿಯ ಬಾಲವೂ ಕಾಣಲಿಲ್ಲ.
ಟನ್ನು ಕಲ್ಲಿಗೆ ಒಂದು ಚಿಟಿಕೆ, ಅದೂ ಕಲ್ಲೊಳಗೆ ಕಲ್ಲಾಗಿ.
ಸಯನೈಡಿನ ತೊಟ್ಟಿಯಲ್ಲಿ ಬೇರೆ ಯಾರೋ ಬಿಡಿಸಿದರು,
ಕಾವಲಿನ ವ್ಯಾನಿನಲ್ಲಿ ಬೇರೆಲ್ಲಿಗೋ ಒಯ್ದರು.
ನನಗೆ ಉಳಿದದ್ದು ಎಡಗಿವಿಯೊಳಗೊಂದು ಗುಂಯ್.
ಹೆಂಡತಿಯ ಉಂಗುರ ಕೂಡ ಕಂತಿನಲ್ಲಿ ತಂದದ್ದು.

ಚಿನ್ನವನ್ನು ಚಿನ್ನವಾಗಿ, ನೀರಲ್ಲಿ, ಕಣ್ಣಾರೆ
ಮೊದಲು ಕಂಡದ್ದು ಇಲ್ಲಿ,
ಒಂಬತ್ತು ವರ್ಷದ ಹುಡುಗಿಯ ತಗಡಿನ ತಟ್ಟೆಯಲ್ಲಿ.
ಅದು ಎಡ್ನಾಳ ಡಬ್ಬಿಯದೆಂದು ಗೊತ್ತಿದ್ದೂ
ಗಂಟಲು ಕಟ್ಟಿತು, ಯಾಕೋ.

ಇವತ್ತು ಓರ್ಲಾ ಎಂಬವಳು, ಮೊಣಕೈವರೆಗೆ ಒದ್ದೆ,
ತಟ್ಟೆ ಆಡಿಸಿ ಆಡಿಸಿ, ಹೊಳೆದ ಎರಡು ಚಕ್ಕೆಯನ್ನು
ಮರಳಿನ ಜೊತೆ ಚೆಲ್ಲಿಬಿಟ್ಟಳು.
ಅಯ್ಯೋ ಎಂದರು ಟೀಚರು.
ಅವಳ ಅಂಗೈಯಲ್ಲಿದ್ದದ್ದು ಮೂಳೆಯ ಗುಂಡಿ:
ಅಂಗಿಯದು, ನಾಲ್ಕು ತೂತು, ಒಂದರಲ್ಲಿ
ಇನ್ನೂ ಕೊಳೆಯದ ದಾರದ ಎಳೆ.

ಎಡ್ನಾ ಕನ್ನಡಕ ಏರಿಸಿ ನೋಡಿದಳು.
ಇದು ನಾನು ಹಾಕಿದ್ದಲ್ಲ, ಎಂದಳು.
ನಿಯಮದ ಪ್ರಕಾರ ಕಚೇರಿಗೆ ಕೊಡಬೇಕು.
ಇಬ್ಬರೂ ಸ್ವಲ್ಪ ಹೊತ್ತು
ಕಮ್ಮಾರನ ಕಡೆ ತಿರುಗಿ ನಿಂತೆವು.

ವಾಪಸು ಬರುವಾಗ ಕನ್ನಡಿಯಲ್ಲಿ ಕಂಡೆ:
ಎಲ್ಲರೂ ಗಾಜಿನ ಸೀಸೆ ಬೆಳಕಿಗೆ ಹಿಡಿದು ಎಣಿಸುತ್ತಿದ್ದರು,
ಓರ್ಲಾ ಗುಂಡಿಯನ್ನು ಕಣ್ಣಿಗೆ ಹಿಡಿದು, ತೂತಿನಿಂದ,
ದಾರಿ ನೋಡುತ್ತಿದ್ದಳು.
ಬಕೀಟು ಎರಡು ಸಲ ಬೇಕಾಯಿತು.